ಡ್ರ್ಯಾಗನ್ ನಾಣ್ಯದ ಮೇಲೆ ಕುಟ್ಟಿದ ಅಕ್ಷರ

ಪ್ರಶ್ನೆ: ದೊಡ್ಡಪ್ಪ ಹಾಂಕಾಂಗ್‌ನಿಂದ ತಂದಿದ್ದ ಚೀನೀ ಬೆಳ್ಳಿ ನಾಣ್ಯವೊಂದು ನನ್ನ ಹತ್ತಿರ ಇದೆ. ಒಂದು ಕಡೆ ಡ್ರ್ಯಾಗನ್, ಸುತ್ತ ಇಂಗ್ಲಿಷಿನಲ್ಲಿ ‘ಕ್ವಾಂಗ್‌ಟುಂಗ್ ಪ್ರಾವಿನ್ಸ್, 7 ಮೇಸ್ ಆಂಡ್ 2 ಕ್ಯಾಂಡರೀನ್ಸ್’ ಎಂದಿದೆ. ಇನ್ನೊಂದು ಕಡೆ ಯಾರೋ ಚಿಕ್ಕ ಚಿಕ್ಕ ಅಕ್ಷರ ಕುಟ್ಟಿ ಹಾಳು ಮಾಡಿದ್ದಾರೆ. ಹುಣಸೆಹಣ್ಣು ಹಾಕಿ ತಿಕ್ಕಲೇ? ಇದು ಅಸಲಿಯೇ?

ಉತ್ತರ: ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ. ಪೂಜೆಯ ಪಾತ್ರೆಗೆ ಅದು ಸರಿ. ಹಳೇ ನಾಣ್ಯಕ್ಕೆ ಹಾಕಿದರೆ ನೂರು ವರ್ಷದ ಮೇಲ್ಪದರವೇ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಆ ಅಕ್ಷರಗಳೂ ಹಾಳು ಮಾಡಿದ್ದಲ್ಲ. ಆಗ ಚೀನಾದಲ್ಲಿ ದೊಡ್ಡ ವ್ಯವಹಾರಕ್ಕೆಲ್ಲ ಬೆಳ್ಳಿ ಗಟ್ಟಿಯನ್ನು ತೂಗಿಯೇ ಕೊಡುತ್ತಿದ್ದರು. ನಾಣ್ಯ ಬಂದರೂ ಅದೇ ಅನುಮಾನ. ಪರೀಕ್ಷೆ ಮಾಡಿದ ಅಂಗಡಿಯವನು ‘ಇದು ಒಳ್ಳೇ ಬೆಳ್ಳಿ, ನನ್ನ ಜವಾಬ್ದಾರಿ’ ಎಂದು ತನ್ನ ಮುದ್ರೆ ಒತ್ತುತ್ತಿದ್ದ. ಅಲ್ಲಿನ ಬಂದರುಗಳಲ್ಲಿ ಹೀಗೆ ಬೆಳ್ಳಿ ಪರೀಕ್ಷಿಸುವವರನ್ನು ಏನೆಂದು ಕರೆಯುತ್ತಿದ್ದರು ಗೊತ್ತಾ? ಶ್ರಾಫ್. ಹೌದು, ನಮ್ಮ ಶರಾಫರೇ! ಆ ಪದ ಭಾರತದಿಂದ ಹೋದದ್ದು. ಹಾಂಕಾಂಗ್‌ನ ಪಾರ್ಕಿಂಗ್‌ಗಳಲ್ಲಿ ಹಣ ಕಟ್ಟುವ ಕಿಟಕಿಗೆ ಇವತ್ತಿಗೂ ಅದೇ ಹೆಸರು.

‘7 ಮೇಸ್ 2 ಕ್ಯಾಂಡರೀನ್’ ಕೂಡ ಬೆಲೆಯಲ್ಲ, ತೂಕ. 10 ಕ್ಯಾಂಡರೀನ್‌ಗೆ 1 ಮೇಸ್, 10 ಮೇಸ್‌ಗೆ 1 ಟೇಲ್. ಸರ್ಕಾರಿ ಟೇಲ್ ಸುಮಾರು 37.3 ಗ್ರಾಂ. ಲೆಕ್ಕ ಹಾಕಿದರೆ ನಿಮ್ಮ ನಾಣ್ಯ 26.8 ಗ್ರಾಂ ಆಸುಪಾಸು ಇರಬೇಕು. ಇದು ಆಗ ಬಂದರುಗಳಲ್ಲಿ ಓಡಾಡುತ್ತಿದ್ದ ಮೆಕ್ಸಿಕೋ ಡಾಲರಿನ ತೂಕವೂ ಹೌದು. ಪರದೇಶದ ಆ ನಾಣ್ಯಕ್ಕೆ ಎದುರಾಗಿ ನಿಲ್ಲಲಿ ಎಂದೇ ಅಧಿಕಾರಿ ಝಾಂಗ್ ಝಿಡಾಂಗ್ ಬರ್ಮಿಂಗ್‌ಹ್ಯಾಂನಿಂದ ಯಂತ್ರ ತರಿಸಿ ಕ್ವಾಂಗ್‌ಟುಂಗ್ ಪ್ರಾಂತದ ಗುವಾಂಗ್‌ಝೌನಲ್ಲಿ ಟಂಕಸಾಲೆ ಹಾಕಿಸಿದ. 1890ರ ಹೊತ್ತಿಗೆ ಡ್ರ್ಯಾಗನ್ ನಾಣ್ಯ ಹೊರಬಂತು.

ಇದಕ್ಕೆ ನಕಲಿ ತುಂಬಾ ಜಾಸ್ತಿ, ಮುದ್ರೆ ಒತ್ತಿದ ನಕಲಿಗಳೂ ಇವೆ. ಹಾಗಾಗಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೊದಲು ನಾಣ್ಯವನ್ನು ಸುಮ್ನೆ ತೂಗಿ ನೋಡಿ. ಆಮೇಲೆ ಡಿಜಿಟಲ್ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ತೆಳು ದಾರಕ್ಕೆ ನಾಣ್ಯ ಕಟ್ಟಿ, ದಾರವನ್ನು ಕೈಯಲ್ಲೇ ಹಿಡಿದು, ಲೋಟದ ತಳಕ್ಕೂ ಗೋಡೆಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯದ ತೂಕವಲ್ಲ, ನಾಣ್ಯದಷ್ಟೇ ಜಾಗ ಹಿಡಿಯುವ ನೀರಿನ ತೂಕ. ಇದರಲ್ಲಿ ನೂರಕ್ಕೆ 90 ಪಾಲು ಬೆಳ್ಳಿ, ಹಾಗಾಗಿ ತಕ್ಕಡಿ ಸುಮಾರು 2.6 ಗ್ರಾಂ ತೋರಿಸಬೇಕು. 3 ಗ್ರಾಂ ದಾಟಿದರೆ ಬೆಳ್ಳಿಗಿಂತ ಹಗುರ ಲೋಹ ಇರಬಹುದು, ಅನುಮಾನ ಪಡಿ. ಅಂಕಿ ಸರಿ ಬಂದರೆ, ತಿಕ್ಕದೆ ಹಾಗೇ ನಾಣ್ಯ ತಿಳಿದವರ ಹತ್ತಿರ ತೆಗೆದುಕೊಂಡು ಹೋಗಿ.