ಕಾಗದದಲ್ಲಿ ಎಸ್‌ಸಿ, ಭಾನುವಾರ ಚರ್ಚ್: ನಾವು ಸುಳ್ಳುಗಾರರಾ?

ಪ್ರಶ್ನೆ: ನಮ್ಮದು ಭಾಲ್ಕಿ ತಾಲ್ಲೂಕಿನ ಹಳ್ಳಿ. ಅಜ್ಜನ ಕಾಲದಿಂದ ಚರ್ಚ್‌ಗೆ ಹೋಗುತ್ತೇವೆ. ಶಾಲೆ ದಾಖಲೆಯಲ್ಲಿ ಮಾತ್ರ ‘ಹಿಂದೂ ಮಾದಿಗ’ ಎಂದೇ ಇದೆ. ಮಗಳು ಪಿಯುಸಿ ಮುಗಿಸಿದಳು, ನರ್ಸಿಂಗ್ ಓದ್ತೀನಿ ಅಂತಾಳೆ. ಎಸ್‌ಸಿ ಸರ್ಟಿಫಿಕೇಟ್ ಇದ್ದರೆ ಫೀಸು, ಹಾಸ್ಟೆಲ್ ಎರಡೂ ಸಲೀಸು. ಹೀಗೆ ಮಾಡೋದು ಯೇಸುವನ್ನು ಅಲ್ಲಗಳೆದಂತೆ ಎಂದು ಪಾಸ್ಟರ್ ಪ್ರಸಂಗದಲ್ಲೇ ಅಂದರು. ಅವಳಿಗಿನ್ನೂ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿಲ್ಲ. ಸೀಟು ಸಿಗೋವರೆಗೆ ಮುಂದೂಡಿ ಅಂತ ನೆಂಟರು ಹೇಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಬೀದರ್ ಜಿಲ್ಲೆ

ಉತ್ತರ: ಅಕ್ಕ, ಮೊದಲು ಕಾನೂನು ನೋಡೋಣ. ಗಂಟು ಇರೋದೇ ಅಲ್ಲಿ.

1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಎಸ್‌ಸಿ ಪಟ್ಟಿಗೆ ಧರ್ಮದ ಬೇಲಿ ಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬೇಲಿ ತೆರೆಯಿತು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಎಸ್‌ಟಿಗೆ ಇಂಥ ನಿಯಮವೇ ಇಲ್ಲ. ಸುರಪುರದ ವಾಲ್ಮೀಕಿ ನಾಯಕರೊಬ್ಬರು ಕ್ರೈಸ್ತರಾದರೆ ಆ ಒಂದೇ ಕಾರಣಕ್ಕೆ ಪಟ್ಟಿಯಿಂದ ಹೊರಬೀಳೋದಿಲ್ಲ. ನೀವು ಬೀಳುತ್ತೀರಿ. ಸೀಟು ಮಾತ್ರ ಅಲ್ಲ, ಔರಾದ್, ಚಿತ್ತಾಪುರದಂಥ ಮೀಸಲು ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲೋ ಹಕ್ಕೂ ಹೋಗುತ್ತದೆ. ಜಾತಿ ಹಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಸಿಗೋದಿಲ್ಲ. ಬೈಯುವವನು ನಿಮ್ಮ ಧರ್ಮ ಕೇಳಿ ಬೈತಾನಾ?

ಈಗ ಪಾಸ್ಟರ್ ಮಾತು. ಅದು ಅರ್ಧ ಸರಿ. ಬೈಬಲಿನ ಹಳೆ ಒಡಂಬಡಿಕೆಯಲ್ಲಿ ಸಿರಿಯಾದ ಸೇನಾಪತಿ ನಾಮಾನನ ಕಥೆ ಇದೆ. ಕುಷ್ಠ ವಾಸಿಯಾದ ಮೇಲೆ ಅವನು ಇಸ್ರಾಯೇಲಿನ ದೇವರನ್ನು ನಂಬಿದ. ಆದರೆ ಊರಿಗೆ ಹೋದರೆ ರಾಜನ ಜೊತೆ ಅಲ್ಲಿನ ದೇವರಾದ ರಿಮ್ಮೋನನ ಗುಡಿಯಲ್ಲಿ ಬಗ್ಗಲೇಬೇಕು, ಅದು ಅವನ ನೌಕರಿ. ದೇವರು ಇದೊಂದನ್ನು ಕ್ಷಮಿಸಲಿ ಎಂದು ಕೇಳಿಕೊಂಡ. ಪ್ರವಾದಿ ಎಲೀಷ ಬೈಯಲಿಲ್ಲ, ಸಮಾಧಾನದಿಂದ ಹೋಗು ಎಂದ. ಈ ಭಾಗದ ಮೇಲೆ ಪ್ರಸಂಗ ನಡೆಯೋದು ಕಡಿಮೆ, ಯಾಕೋ!

ಹಿಟ್ಲರನ ಜೈಲಿನಲ್ಲಿದ್ದಾಗ ಜರ್ಮನಿಯ ಪಾಸ್ಟರ್, ದೈವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹೋಫರ್ ಇದನ್ನೇ ಇನ್ನೊಂದು ರೀತಿ ಕೇಳಿದರು. ನಿನ್ನಪ್ಪ ಕುಡಿದು ಬರ್ತಾನಾ ಅಂತ ಮೇಷ್ಟ್ರು ತರಗತಿ ಮುಂದೆ ಮಗುವನ್ನು ಕೇಳುತ್ತಾರೆ. ಮಗು ಇಲ್ಲ ಅನ್ನುತ್ತದೆ. ಅದು ಸುಳ್ಳು, ನಿಜ. ಆದರೆ ತಪ್ಪು ಕೇಳಬಾರದ ಕಡೆ ಕೇಳಿದ ಮೇಷ್ಟ್ರದೇ ಎನ್ನುತ್ತಾರೆ ಬಾನ್‌ಹೋಫರ್. ನಿಮ್ಮ ಮನೆಯ ಸ್ಥಿತಿಗೆ ಈ ಮಾತು ತುಂಬ ಹತ್ತಿರ. ಹೊಟ್ಟೆಪಾಡು ಬೇಕಾ, ದೇವರು ಬೇಕಾ ಎಂದು ಒಂದು ಕಾಲಂನಲ್ಲಿ ಕೇಳೋ ಅರ್ಜಿ ನಮೂನೆಯೇ ಮೊದಲು ತಪ್ಪು ಮಾಡಿದೆ.

ಹಾಗಂತ ಹಿಂದೂ ಎಂದು ಬರೆದು ಸಹಿ ಹಾಕಿ ಅಂತ ನಾನು ಹೇಳೋದಿಲ್ಲ. ತರಗತಿಯಲ್ಲಿ ಸಿಕ್ಕಿಬಿದ್ದ ಮಗುವೇ ಬೇರೆ, ಯೋಚಿಸಿ ಅಫಿಡವಿಟ್ ಕೊಡೋ ದೊಡ್ಡವರೇ ಬೇರೆ. ಅದರ ಹೊರೆ ಬೀಳೋದೂ ಮಗಳ ಮೇಲೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಇಂಥದೇ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ದೀಕ್ಷಾಸ್ನಾನ ಆಗಿದೆ, ಚರ್ಚ್‌ಗೂ ಹೋಗ್ತಾರೆ, ನೌಕರಿಗಾಗಿ ಮಾತ್ರ ಹಿಂದೂ ಅನ್ನೋದು ಒಪ್ಪಲಾಗದು ಎಂದು ಕೋರ್ಟ್ ಹೇಳಿತು. ಓದು ಮುಗಿದು ಕೆಲಸ ಸಿಕ್ಕ ಮೇಲೆ ಯಾರೋ ಒಂದು ದೂರು ಕೊಟ್ಟರೆ ಏನಾಗುತ್ತೆ, ಯೋಚಿಸಿ. ಕರ್ನಾಟಕದಲ್ಲಿ ಎಸ್‌ಸಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಬರುತ್ತಾರೆ. ಮೀಸಲು ಶೇ 4 ಮಾತ್ರ, ಹಲವು ಜಾತಿಗಳ ಜೊತೆ ಹಂಚಿಕೊಳ್ಳಬೇಕು. ಎಸ್‌ಸಿಗೆ ಸಿಗೋದಕ್ಕಿಂತ ಕಡಿಮೆಯೇ. ಆದರೆ ಅವಳು ತಲೆ ಎತ್ತಿ ಕೇಳಬಹುದಾದ ಹಕ್ಕು ಅದು. ನಾಡ ಕಚೇರಿಯಲ್ಲಿ ಮೊದಲು ಅದನ್ನು ವಿಚಾರಿಸಿ.

ಇನ್ನು ಚರ್ಚ್‌ನ ಪಾಲು. ನನಗೆ ಜಾಸ್ತಿ ಸಿಟ್ಟು ಇರೋದು ಇಲ್ಲಿ. 1985ರಲ್ಲಿ, ಕ್ರೈಸ್ತರಾಗಿದ್ದ ದಲಿತ ಸೂಸೈ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಪುರಾವೆ ಕೇಳಿತು: ಹಿಂದೂ ಸಮಾಜದಲ್ಲಿದ್ದ ಜಾತಿಯ ಕಷ್ಟ ಕ್ರೈಸ್ತ ಸಮುದಾಯದಲ್ಲೂ ಅಷ್ಟೇ ಕಠಿಣವಾಗಿ ಉಳಿದಿದೆ ಅಂತ ತೋರಿಸಿ. ನಾವು ಕ್ರೈಸ್ತರು ಏನು ಮಾಡ್ತೀವಿ? ಆ ಆದೇಶ ಬಂದ ಆಗಸ್ಟ್ 10ರಂದು ಕಪ್ಪು ಪಟ್ಟಿ ಕಟ್ಟಿ, ಜಾತಿ ನಮ್ಮನ್ನು ಬಿಟ್ಟಿಲ್ಲ ಎಂದು ಕೂಗ್ತೀವಿ. ಮುಂದಿನ ಭಾನುವಾರ ನಮ್ಮಲ್ಲಿ ಜಾತಿಯೇ ಇಲ್ಲ ಎಂದು ಪ್ರಸಂಗ ಮಾಡ್ತೀವಿ. ಹೆಣ್ಣು ಕೊಡುವಾಗ ಮತ್ತೆ ಮೆಲ್ಲಗೆ ಜಾತಿ ವಿಚಾರಿಸ್ತೀವಿ. ನಿಮ್ಮ ಮನೆ ಸರ್ಟಿಫಿಕೇಟ್‌ಗಿಂತ ದೊಡ್ಡ ಸುಳ್ಳು ಇದು, ಅಲ್ವಾ? 1980ರ ದಶಕದ ಆರಂಭದಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಬೆಂಗಳೂರಿನಲ್ಲಿ ದಲಿತ ದೈವಶಾಸ್ತ್ರದ (ದಲಿತರ ನೋವಿನ ಕಡೆಯಿಂದ ದೇವರನ್ನು ನೋಡುವ ಚಿಂತನೆಯ) ಮಾತು ಎತ್ತಿದ್ದೇ ಈ ಮೌನ ಮುರಿಯೋಕೆ. ಅದು ಪಾಸ್ಟರ್‌ಗಳನ್ನು ತಯಾರು ಮಾಡೋ ಸೆಮಿನರಿಯ ಪಾಠವಾಯಿತು, ನಮ್ಮ ಹಳ್ಳಿಯ ಚರ್ಚ್ ಸಭೆಗಳಿಗೆ ಇಳಿಯಲಿಲ್ಲ.

ನಿಮ್ಮ ಪಾಸ್ಟರ್‌ಗೆ ಹೀಗೆ ಕೇಳಿ: ‘ಅಯ್ಯಾ, ನಿಜ ಹೇಳಿದರೆ ನನ್ನ ಮಗಳು ವರ್ಷಕ್ಕೆ ಇಷ್ಟು ಫೀಸು ಕಳೆದುಕೊಳ್ತಾಳೆ. ಸಭೆ ಎಷ್ಟು ಕೊಡುತ್ತೆ?’ ಕಾಣಿಕೆ ಹಣದಲ್ಲಿ ಮೈಕು, ಕುರ್ಚಿ ಬರುತ್ತವೆ, ಒಬ್ಬ ಹುಡುಗಿಯ ಹಾಸ್ಟೆಲ್ ಫೀಸು ಬರಲ್ವಾ? ನಿಜ ಹೇಳಿದ್ದರ ಬೆಲೆ ಕೂಲಿ ಮಾಡುವವಳೊಬ್ಬಳೇ ತೆರಬೇಕು ಅನ್ನೋ ಸಭೆಗೆ ಅವಳನ್ನು ಬೈಯೋ ಅಧಿಕಾರ ಕಡಿಮೆ.

ದೀಕ್ಷಾಸ್ನಾನ ಮುಂದೂಡೋ ವಿಷಯ. ರೋಮ್ ಸಾಮ್ರಾಟ ಕಾನ್‌ಸ್ಟಂಟೈನ್ ಸಾಯೋ ಹೊತ್ತಿಗೆ, 337ರಲ್ಲಿ ದೀಕ್ಷಾಸ್ನಾನ ಪಡೆದ. ತಡವಾಗಿದ್ದಕ್ಕೆ ಯಾರೂ ಅವನನ್ನು ಹೊರಗೆ ಹಾಕಲಿಲ್ಲ. ಹಾಗಾಗಿ ಅವಸರ ಇಲ್ಲ. ಆದರೆ ಅರ್ಜಿಯ ಕೊನೇ ದಿನಾಂಕ ನೋಡಿ ಅದನ್ನು ಗೊತ್ತು ಮಾಡಬೇಡಿ. ನೆಂಟರೂ ಪಾಸ್ಟರೂ ಇಬ್ಬರೂ ಸ್ವಲ್ಪ ಹಿಂದೆ ಸರಿಯಲಿ. ಹದಿನೆಂಟರ ಹುಡುಗಿ ಅವಳು, ಇಷ್ಟು ದಿನದಲ್ಲಿ ಅವಳನ್ನು ಯಾರಾದರೂ ಕೇಳಿದ್ದೀರಾ?