ತಿಮ್ಮಯ್ಯನವರು ಫೀಲ್ಡ್ ಮಾರ್ಷಲ್ ಆಗಿದ್ರಾ?

ನಮಸ್ಕಾರ. ಕಾರ್ಯಪ್ಪನವರ ಹಾಗೆ ತಿಮ್ಮಯ್ಯನವರೂ ಫೀಲ್ಡ್ ಮಾರ್ಷಲ್ ಆಗಿದ್ರಾ ಅಂತ ಕೇಳಿದ್ದೀರಿ. ಇಲ್ಲ, ಅವರು ಜನರಲ್ ಆಗಿದ್ದರು. ಇಬ್ಬರೂ ಕೊಡಗಿನವರು, ಇಬ್ಬರೂ ಸೇನೆಯ ಮುಖ್ಯಸ್ಥರಾಗಿದ್ದವರು. ಅದಕ್ಕೇ ಈ ಗೊಂದಲ ಜಾಸ್ತಿ.

ಫೀಲ್ಡ್ ಮಾರ್ಷಲ್ ಅಂದರೆ ಜನರಲ್‌ಗಿಂತಲೂ ಮೇಲಿನ ಪದವಿ. ನಮ್ಮ ಭೂಸೇನೆಯಲ್ಲಿ ಇದುವರೆಗೆ ಇಬ್ಬರಿಗೆ ಮಾತ್ರ ಅದು ಸಿಕ್ಕಿದೆ. ಮೊದಲು ಮಾಣಿಕ್ ಶಾ ಅವರಿಗೆ, 1973ರ ಜನವರಿಯಲ್ಲಿ. ಬಾಂಗ್ಲಾ ಯುದ್ಧ ಗೆದ್ದು ಒಂದು ವರ್ಷವಾಗಿತ್ತು, ಅವರಿನ್ನೂ ಸೇವೆಯಲ್ಲೇ ಇದ್ದರು. ಕಾರ್ಯಪ್ಪನವರದ್ದು ಬೇರೆ ಕತೆ. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡ ಮೊದಲ ಭಾರತೀಯ ಅವರು. ಆ ದಿನವನ್ನೇ ಈಗಲೂ ಸೇನಾ ದಿನ ಅಂತ ಆಚರಿಸುತ್ತೇವೆ. 1953ರಲ್ಲಿ ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, 33 ವರ್ಷ ಕಳೆದ ಮೇಲೆ! ಇಷ್ಟು ತಡ ಮಾಡಬಾರದಿತ್ತು ಅನ್ನೋದು ನನ್ನ ಅನಿಸಿಕೆ.

ತಿಮ್ಮಯ್ಯನವರು 1957ರಿಂದ 1961ರವರೆಗೆ ಮುಖ್ಯಸ್ಥರು. ಆದರೆ ನನಗೆ ಅವರು ಅಂದ ತಕ್ಷಣ ನೆನಪಾಗೋದು ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ದಾರಿಯ ಜೋಜಿಲಾ. 1948ರ ನವೆಂಬರ್ 1. ಹನ್ನೊಂದು ಸಾವಿರ ಅಡಿಗೂ ಎತ್ತರದ ಕಣಿವೆ ದಾರಿ, ಮೈ ಕೊರೆಯುವ ಚಳಿ. ಅಲ್ಲಿಗೆ ಟ್ಯಾಂಕ್ ಬರುತ್ತೆ ಅಂತ ಪಾಕಿಸ್ತಾನದ ಕಡೆಯವರು ಕನಸಲ್ಲೂ ಎಣಿಸಿರಲಿಲ್ಲ. ತಿಮ್ಮಯ್ಯನವರು ಸ್ಟುವರ್ಟ್ ಟ್ಯಾಂಕುಗಳನ್ನೇ ಹತ್ತಿಸಿದರು. ದಾರಿ ತೆರೆಯಿತು, ಲೇಹ್ ಉಳಿಯಿತು. ನಿವೃತ್ತಿಯ ನಂತರ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್‌ಗೆ ಹೋದರು, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

ಮಡಿಕೇರಿಗೆ ಹೋದರೆ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ, ತಪ್ಪದೇ ನೋಡಿ.