ಕುತ್ತಿಗೆ ಗಂಟಿಗೆ ಸಿಬಿನಾಟ್: ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಸಬೇಡಿ

ತೀರ್ಥಹಳ್ಳಿಯಿಂದ ಕೇಳಿದ್ದೀರಿ: ತಂಗಿಯ ಕುತ್ತಿಗೆಯಲ್ಲಿ ಗಂಟಿದೆ, ಕಫದಲ್ಲಿ ಟಿಬಿ ಇಲ್ಲ ಅಂತ ಬಂದಿದೆ, ಆದರೂ ಗಂಟಿನ ಸಿಬಿನಾಟ್ (ಟಿಬಿ ಕ್ರಿಮಿಯ ಡಿಎನ್‌ಎಯನ್ನು ಯಂತ್ರದಲ್ಲಿ ಹುಡುಕುವ ಪರೀಕ್ಷೆ) ಬೇಕಾ ಅಂತ. ಖಂಡಿತ ಮಾಡಿಸಿ. ರೋಗ ಗಂಟಿನಲ್ಲಷ್ಟೇ ಇದ್ದರೆ ಕಫದಲ್ಲಿ ಏನೂ ಸಿಗುವುದಿಲ್ಲ.

ಕೆಲಸ ಕೆಡುವುದು ಮಾದರಿ ತೆಗೆಯುವಾಗಲೇ. ಬಯಾಪ್ಸಿ (ಗಂಟಿನ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಎಂದರೆ ಅಭ್ಯಾಸಬಲದಿಂದ ಇಡೀ ತುಣುಕನ್ನು, ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್‌ಗೆ ಹಾಕಿಬಿಡುತ್ತಾರೆ. ಅದು ಕ್ರಿಮಿಯನ್ನು ಕೊಂದು ಡಿಎನ್‌ಎಯನ್ನೂ ಹಾಳುಮಾಡುತ್ತದೆ. ಕಲ್ಚರ್ (ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಆಗುವುದಿಲ್ಲ, ಸಿಬಿನಾಟ್ ಫಲಿತಾಂಶ ನಂಬುವಂತಿರುವುದಿಲ್ಲ. ಮೊದಲೇ ಡಾಕ್ಟರಿಗೆ ಹೇಳಿ: ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಸ್ಟೆರೈಲ್ ಡಬ್ಬಿಯಲ್ಲಿ ಸ್ವಲ್ಪ ನಾರ್ಮಲ್ ಸಲೈನ್ ಜೊತೆ. ಸೂಜಿಯಲ್ಲಿ ಮೊಸರಿನಂಥ ಗಟ್ಟಿ ಕೀವು ಬಂದರೆ, ಸ್ಲೈಡಿಗೆ ಸವರಿ ಉಳಿದದ್ದನ್ನು ಚೆಲ್ಲಬಾರದು, ಅದೇ ಒಳ್ಳೆಯ ಮಾದರಿ. ಐಸ್‌ಪ್ಯಾಕ್ ಡಬ್ಬಿಯಲ್ಲಿ 2ರಿಂದ 8 ಡಿಗ್ರಿಯಲ್ಲಿಟ್ಟು ಅದೇ ದಿನ ಶಿವಮೊಗ್ಗದ ಲ್ಯಾಬಿಗೆ ತಲುಪಿಸಿ, ಫ್ರೀಜರ್ ಬೇಡ.

ಯಂತ್ರಕ್ಕೆ ಹಾಕಿದ ಮೇಲೆ ಸುಮಾರು 2 ಗಂಟೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಕೆಲಸ ಮಾಡುತ್ತದಾ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ರಿಪೋರ್ಟಿನಲ್ಲಿ ‘ಟ್ರೇಸ್’ (ಅತಿ ಕಡಿಮೆ ಪ್ರಮಾಣ) ಎಂದಿದ್ದರೆ ನೆಗೆಟಿವ್ ಅಂದುಕೊಳ್ಳಬೇಡಿ: ಗಂಟಿನ ಮಾದರಿಯಲ್ಲಿ ಅದನ್ನು ಟಿಬಿ ಎಂದೇ ಹಿಡಿಯುತ್ತಾರೆ, ರಿಫಾಂಪಿಸಿನ್ ವಿಷಯ ಮಾತ್ರ ಅದರಲ್ಲಿ ತಿಳಿಯುವುದಿಲ್ಲ.

ನೆಗೆಟಿವ್ ಬಂದರೂ ಅಲ್ಲಿಗೇ ಬಿಡಬೇಡಿ, ಬಯಾಪ್ಸಿ ಮತ್ತು ಕಲ್ಚರ್ ನೋಡಿಸಿ. ತಂಗಿಗೆ ಹಿಂದೆ ಟಿಬಿ ಚಿಕಿತ್ಸೆ ಆಗಿದ್ದರೆ ಮರೆಯದೆ ಹೇಳಿ, ಸತ್ತ ಕ್ರಿಮಿಯ ಡಿಎನ್‌ಎ ಕೂಡ ಪಾಸಿಟಿವ್ ತೋರಿಸಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.